ಇನ್ನೂರ ಎಂಬತ್ತೊಂಬತ್ತನೇ ಕಿಚ್ಚು

ನಮ್ಮೂರಿನಲ್ಲಿ ಬೆಂಕಿಕಡ್ಡಿ ಗೀರಿದರೆ ಗಂಧಕದ ವಾಸನೆ ಬರುತ್ತದೆ, ಅಷ್ಟೆ. ಬೆಂಕಿ ಬೇಕಾದವರು ಇನ್ನೊಬ್ಬರ ಒಲೆಯಿಂದಲೇ ತರಬೇಕು. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ನಾನು ಇದನ್ನು ನಂಬದೆ, ತವರಿನಿಂದ ತಂದಿದ್ದ ಒಂದು ಪೊಟ್ಟಣದ ಕಡ್ಡಿಯನ್ನೆಲ್ಲ ಗೀರಿ ಮುಗಿಸಿದ್ದೆ. ನಮ್ಮತ್ತೆ ಪಕ್ಕದಲ್ಲೇ ನಿಂತು ನಗದೆ ನೋಡಿದರು. ಕೊನೆಯ ಕಡ್ಡಿಯೂ ಆದಮೇಲೆ, “ಸಮಾಧಾನ ಆಯ್ತಾ? ಈಗ ಹಿಂದಿನ ಬೀದಿ ಪಾರ್ವತಕ್ಕನ ಮನೆಗೆ ಹೋಗಿ ಕೆಂಡ ತಗೊಂಡು ಬಾ. ನಮ್ಮದು ಅವರ ಕಿಚ್ಚು” ಎಂದರು. ಹೋಗಿ ತಂದೆ. ಆವತ್ತಿನಿಂದ ನಾನೂ ಈ ಊರಿನವಳಾದೆ.

ಯಾರ ಒಲೆಗೆ ಯಾರ ಕಿಚ್ಚು ಎನ್ನುವುದು ಇಲ್ಲಿ ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎನ್ನುವಷ್ಟೇ ಖಚಿತ. ಮೊದಲ ಸಲ ಯಾವ ಒಲೆಯಿಂದ ಕೆಂಡ ತಂದು ಹೊತ್ತಿಸಿದ್ದರೋ, ಆರಿದಾಗಲೆಲ್ಲ ಅಲ್ಲಿಂದಲೇ ತರಬೇಕು. ಬೇರೆ ಕಡೆಯಿಂದ ತಂದದ್ದು ಹೊತ್ತಿಕೊಂಡಂತೆ ಮಾಡಿ, ಒಂದು ಚೊಂಬು ನೀರು ಬಿಸಿಯಾಗುವ ಮೊದಲೇ ನಂದಿಹೋಗುತ್ತದೆ. ನಮ್ಮಿಂದ ಪಡೆದವರ ಮನೆಯಿಂದ ವಾಪಸು ತರೋಣವೆಂದರೆ ಅದೂ ಆಗದು. ಕಿಚ್ಚು ನೀರಿನ ಹಾಗೆ, ಮೇಲಿನಿಂದ ಕೆಳಕ್ಕೇ ಇಳಿಯುತ್ತದೆ. ಒಂದು ಮಂಡಲ, ನಲವತ್ತೆಂಟು ದಿನ, ತಣ್ಣಗೆ ಬಿದ್ದಿದ್ದ ಒಲೆ ಮತ್ತೆ ಯಾರಿಂದಲೂ ಹಿಡಿಯುವುದಿಲ್ಲ. ಹಾಗಾಗಿ ನಮ್ಮ ಪುರಸಭೆಯಲ್ಲಿ ನೀರಿನ ಕಚೇರಿ, ಕಂದಾಯದ ಕಚೇರಿ ಇದ್ದಂತೆ ಮಹಡಿಯ ಮೇಲೆ ಕಿಚ್ಚಿನ ಕಚೇರಿಯೂ ಇದೆ.

ಅಲ್ಲಿ ಬೋರಲಿಂಗಯ್ಯನವರು ಮೂವತ್ತೆಂಟು ವರ್ಷದಿಂದ ಒಲೆಪುಸ್ತಕ ಬರೆಯುತ್ತಿದ್ದರು. ಪ್ರತಿ ಒಲೆಗೂ ಒಂದು ನಂಬರು, ಮನೆಯೊಡತಿಯ ಹೆಸರು, ಬೀದಿ. ಕೊನೆಯಲ್ಲಿ ‘ಕಿಚ್ಚು ಎಲ್ಲಿಯದು’ ಎಂಬಲ್ಲಿ ಇನ್ನೊಂದು ಒಲೆಯ ನಂಬರು. ಒಂದನೇ ನಂಬರಿನ ಒಲೆಯ ಮುಂದೆ ಮಾತ್ರ ಆ ಜಾಗ ಖಾಲಿ. ಅದೇಕೆ ಎಂದು ಯಾರೂ ಕೇಳಿದವರಿಲ್ಲ. ಬೋರಲಿಂಗಯ್ಯನವರಿಗೆ ನಿವೃತ್ತಿಗೆ ಮೂರು ತಿಂಗಳಿತ್ತು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವರ ನಂತರ ಈ ಪುಸ್ತಕಗಳನ್ನು ಓದುವವರು ಯಾರು ಎಂಬ ಚಿಂತೆ ಹತ್ತಿ, ಪುರಸಭೆಯವರು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸುವುದೆಂದು ತೀರ್ಮಾನಿಸಿದರು. ಮದುವೆಗೆ ಮುಂಚೆ ನಾಲ್ಕು ವರ್ಷ ನಾನೊಂದು ಬಿತ್ತನೆ ಬೀಜದ ಕಂಪನಿಯಲ್ಲಿ ಡೇಟಾಬೇಸಿನ ಕೆಲಸ ಮಾಡಿದ್ದೆ. ಸೆಕ್ರೆಟರಿ ಜಯಶೀಲರು ಅದನ್ನು ಎಲ್ಲಿಂದಲೋ ತಿಳಿದು ಹೇಳಿಕಳಿಸಿದರು. ಹೋದೆ. ಬೋರಲಿಂಗಯ್ಯನವರ ಮೇಜಿನ ಪಕ್ಕದಲ್ಲೇ ನನಗೊಂದು ಮೇಜು ಹಾಕಿಸಿದ್ದರು. ಮೊದಲ ದಿನ ಅವರು ನನ್ನನ್ನು ಮಾತನಾಡಿಸಲಿಲ್ಲ. ಎರಡನೆಯ ದಿನ ಫ್ಯಾನನ್ನು ನನ್ನ ಕಡೆಗೆ ತಿರುಗಿಸಿದರು.

ನಾನು ಸೇರಿದ ಹೊತ್ತಿಗೆ ಕೆಂಪಾಜಮ್ಮನ ಒಲೆ ಆರಿ ಹದಿನೆಂಟು ದಿನವಾಗಿತ್ತು.

ಕೆಂಪಾಜಮ್ಮ ಬಸ್ ಸ್ಟ್ಯಾಂಡಿನ ಎದುರು ತಟ್ಟೆ ಇಡ್ಲಿ ಹೋಟೆಲು ನಡೆಸುತ್ತಿದ್ದಳು. ಆಕೆಯ ಅತ್ತೆ ಶುರುಮಾಡಿದ್ದ ಹೋಟೆಲು. ಆ ಒಲೆ ನಲವತ್ತು ವರ್ಷದಲ್ಲಿ ಒಂದು ದಿನವೂ ಆರಿರಲಿಲ್ಲ. ಸಂಜೆ ಬೂದಿ ಮುಚ್ಚಿದರೆ ಬೆಳಿಗ್ಗೆ ಕೆದಕಿದ ಕೂಡಲೇ ಕಣ್ಣು ಬಿಡುತ್ತಿತ್ತು. ಆಕೆ ಮಗಳ ಬಾಣಂತನಕ್ಕೆಂದು ಹತ್ತು ದಿನ ಹೋಗಿದ್ದಾಗ, ಗಂಡ ಚಿಕ್ಕಣ್ಣ ಒಬ್ಬನೇ ಸಾಂಬಾರಿನ ಕೊಳಗ ಇಳಿಸಲು ಹೋಗಿ ಪೂರ್ತಿ ಕೊಳಗವನ್ನು ಒಲೆಗೇ ಮಗುಚಿಬಿಟ್ಟಿದ್ದ. ಒಲೆಯ ಗೂಡಿನ ತುಂಬ ಬೇಳೆ, ನುಗ್ಗೆಕಾಯಿ. ಓಡಿಬಂದ ಕೆಂಪಾಜಮ್ಮ ಬೈಯಲೂ ಇಲ್ಲವಂತೆ. “ಸುಟ್ಟುಕೊಳ್ಳಲಿಲ್ಲ ತಾನೆ?” ಎಂದಷ್ಟೇ ಕೇಳಿ, ಒಲೆ ತೊಳೆದು, ಸಾರಿಸಿ, ಕಿಚ್ಚಿನ ಕಚೇರಿಗೆ ಬಂದಳು.

ಬೋರಲಿಂಗಯ್ಯನವರು ಪುಸ್ತಕ ತೆಗೆದು ನೋಡಿದರು. ನಾನೂರ ಹನ್ನೆರಡು, ಹೋಟೆಲು ಒಲೆ, ಬಸ್ ಸ್ಟ್ಯಾಂಡು. ಕಿಚ್ಚು ಇನ್ನೂರ ಎಂಬತ್ತಾರರದು. ಎಂಬತ್ತಾರೆಂದರೆ ಹೂವಾಡಿಗರ ಬೀದಿಯ ಒಂದು ಮನೆ. ಅವರು ಸಂತೋಷವಾಗಿಯೇ ಕೆಂಡ ಕೊಟ್ಟರು. ತಂದು ಹಾಕಿದರೆ ಇಡ್ಲಿ ಪಾತ್ರೆಯ ನೀರು ಬೆಚ್ಚಗಾಗುವಷ್ಟರಲ್ಲಿ ನಂದಿತು. ಮರುದಿನ ಮತ್ತೆ ತಂದರು, ಮತ್ತೆ ನಂದಿತು. ಆಮೇಲೆ ಅವರು ಹೇಳಿದ ಕಡೆ, ಇವರು ಹೇಳಿದ ಕಡೆ ಎಂದು ಹದಿನಾಲ್ಕು ಮನೆಯಿಂದ ಕೆಂಡ ತಂದದ್ದಾಯಿತು. ಹೋಟೆಲು ಮುಚ್ಚಿತು. ಕೆಂಪಾಜಮ್ಮ ಹಿಟ್ಟು ರುಬ್ಬಿಕೊಂಡು ಹೋಗಿ ತಂಗಿಯ ಮನೆಯ ಒಲೆಯಲ್ಲಿ ಒಂದೆರಡು ತಟ್ಟೆ ಬೇಯಿಸಿಕೊಳ್ಳುತ್ತಿದ್ದಳು.

ಕಷ್ಟ ಆಕೆಯೊಬ್ಬಳದೇ ಆಗಿರಲಿಲ್ಲ. ಆ ಒಲೆಯಿಂದ ಕಿಚ್ಚು ಪಡೆದ ಮನೆಗಳು ಹನ್ನೊಂದಿದ್ದವು. ಹೋಟೆಲಿನ ಒಲೆ ಮಂಡಲ ಕಳೆದು ಸತ್ತುಹೋದರೆ, ನಾಳೆ ಆ ಹನ್ನೊಂದರಲ್ಲಿ ಯಾವುದು ಆರಿದರೂ ಅದಕ್ಕೆ ಗತಿಯಿಲ್ಲ. ಆ ಮನೆಯವರೆಲ್ಲ ಒಲೆಯ ಹತ್ತಿರ ನೀರಿನ ಕೊಡ ಇಡುವುದನ್ನೇ ಬಿಟ್ಟಿದ್ದರು.

ಆಗ ನನಗೆ ಇದು ಅಷ್ಟಾಗಿ ತಲೆಗೆ ಹತ್ತಿರಲಿಲ್ಲ. ನನಗೆ ನನ್ನದೇ ತಾಪತ್ರಯ. ಕಂಪ್ಯೂಟರಿನಲ್ಲಿ ಟೇಬಲ್ಲುಗಳೇ, ಅಂದರೆ ಮಾಹಿತಿ ತುಂಬುವ ಪಟ್ಟಿಗಳೇ, ಹುಟ್ಟುತ್ತಿರಲಿಲ್ಲ.

ಬೀದಿಗಳದೊಂದು ಟೇಬಲ್ಲು, ಒಲೆಗಳದೊಂದು ಟೇಬಲ್ಲು ಎಂದು ಯೋಚಿಸಿಕೊಂಡಿದ್ದೆ. ಪ್ರತಿ ಒಲೆಯೂ ತನ್ನ ಬೀದಿಯ ಕಡೆಗೆ ಕೈ ತೋರಿಸಬೇಕು. ಹಾಗೆ ಒಂದು ಟೇಬಲ್ಲಿನ ಸಾಲು ಇನ್ನೊಂದರ ಸಾಲನ್ನು ತೋರಿಸಿ ‘ನಾನು ಇವರ ಕಡೆಯವನು’ ಎನ್ನುವುದಕ್ಕೆ ಫಾರಿನ್ ಕೀ ಎನ್ನುತ್ತಾರೆ. ಒಲೆಗಳ ಟೇಬಲ್ಲನ್ನು ಮೊದಲು ಮಾಡಲು ಹೋದೆ. ಎರರ್ ಬಂತು. ಹಣೆ ಗಂಟಿಕ್ಕಿಕೊಂಡು ಕೂತಿದ್ದನ್ನು ಕಂಡು ಬೋರಲಿಂಗಯ್ಯನವರು ಕೇಳಿದರು: “ಏನಂತದಮ್ಮ ಅದು?”

“ಫಾರಿನ್ ಕೀ ಒಪ್ಪಲ್ಲ ಅಂತಿದೆ ಸಾರ್.”

“ನಮ್ಮೂರ ಒಲೆಗೆ ಫಾರಿನ್ನು ಯಾಕೆ ಬಂತು?”

ಅರ್ಥ ಹೇಳಿದೆ. ಅವರು ಕೇಳಿಸಿಕೊಂಡು, “ಹಂಗಾದ್ರೆ ನೆರೆಮನೆ ಬೀಗದ ಕೈ ಅನ್ನು. ಬೀದಿ ಟೇಬಲ್ಲು ಮಾಡಿದೀಯಾ?” ಎಂದರು.

“ಇಲ್ಲ, ಆಮೇಲೆ ಮಾಡಣ ಅಂತ.”

“ಬೀದಿನೇ ಇಲ್ಲದೆ ಮನೆ ಎಲ್ಲಿ ಕಟ್ತೀಯಮ್ಮ?”

ನನಗೆ ನಾಚಿಕೆಯಾಯಿತು. ಬೀದಿಯ ಟೇಬಲ್ಲನ್ನು ಮೊದಲು ಮಾಡಿ, ಆಮೇಲೆ ಒಲೆಯದನ್ನು ಮಾಡಿದೆ. ಮತ್ತೆ ಎರರ್. ಈ ಸಲ ಅರ್ಧ ದಿನ ಹಿಡಿಯಿತು. ಬೀದಿಯ ಟೇಬಲ್ಲಿನಲ್ಲಿ ಬೀದಿಯ ನಂಬರನ್ನು ಅಂಕಿಯಾಗಿ ಇಟ್ಟಿದ್ದೆ. ಒಲೆಯ ಟೇಬಲ್ಲಿನಲ್ಲಿ ಅದೇ ನಂಬರನ್ನು ಅಕ್ಷರವಾಗಿ ಇಟ್ಟಿದ್ದೆ. ಕಣ್ಣಿಗೆ ಎರಡೂ ನಾಲ್ಕೇ, ಕಂಪ್ಯೂಟರಿಗೆ ಬೇರೆ ಬೇರೆ. “ಒಂದು ಕಡೆ ಸೇರು, ಇನ್ನೊಂದು ಕಡೆ ಕೊಳಗ ಇಟ್ಕೊಂಡು ಅಳೆದ್ರೆ ಲೆಕ್ಕ ಹೆಂಗೆ ಕೂಡತ್ತೆ” ಎಂದರು ಬೋರಲಿಂಗಯ್ಯನವರು. ಅವರಿಗೆ ಇದರಲ್ಲಿ ರುಚಿ ಹತ್ತಿತ್ತು. ಕುರ್ಚಿಯನ್ನು ನನ್ನ ಮೇಜಿನ ಹತ್ತಿರಕ್ಕೆ ಎಳೆದುಕೊಂಡಿದ್ದರು.

ಮೂರನೆಯ ಎರರ್ ಬಂದದ್ದು ಕಿಚ್ಚಿನ ಕಾಲಂಗೆ. ಊರಲ್ಲಿ ಎಲ್ಲರೂ ‘ನಮ್ಮದು ಗೌರಮ್ಮನ ಕಿಚ್ಚು’, ‘ನಮ್ಮದು ಪುಟ್ಟತಾಯಮ್ಮನ ಕಿಚ್ಚು’ ಎಂದೇ ಹೇಳುವುದಲ್ಲವೇ, ಹೆಸರನ್ನೇ ತೋರಿಸುವಂತೆ ಮಾಡಿದ್ದೆ. ಕಂಪ್ಯೂಟರು ಒಪ್ಪಲಿಲ್ಲ. ಯಾರನ್ನು ತೋರಿಸುತ್ತೇವೋ ಅವರು ಒಬ್ಬರೇ ಆಗಿರಬೇಕು, ಅಂಥವರು ಇನ್ನೊಬ್ಬರಿರಬಾರದು. ನಮ್ಮೂರಲ್ಲಿ ಗೌರಮ್ಮಂದಿರೇ ಹದಿನೇಳು. ಹೆಸರು ಬಿಟ್ಟು ಒಲೆಯ ನಂಬರಿಗೆ ಬಂದೆ. ಟೇಬಲ್ಲು ಹುಟ್ಟಿತು. ಬೋರಲಿಂಗಯ್ಯನವರು ಮನೆಯಿಂದ ತಂದಿದ್ದ ಚಕ್ಕುಲಿಯಲ್ಲಿ ಎರಡು ಕೊಟ್ಟರು.

ಆಮೇಲೆ ಒಲೆಗಳನ್ನು ತುಂಬುವ ಕೆಲಸ. ಸಾವಿರದ ನೂರ ಆರು ಒಲೆ. ಐವತ್ತನೇ ಒಲೆಯ ಕಿಚ್ಚು ಆರುನೂರನೆಯದು ಎಂದು ಇರುತ್ತಿತ್ತು, ಆರುನೂರನೆಯದನ್ನು ನಾನಿನ್ನೂ ತುಂಬಿರುತ್ತಿರಲಿಲ್ಲ. ಅದಕ್ಕೇ ಕಿಚ್ಚಿನ ಫಾರಿನ್ ಕೀಯನ್ನು ತಾತ್ಕಾಲಿಕವಾಗಿ ಬಿಚ್ಚಿಟ್ಟೆ. ಮೊದಲು ಎಲ್ಲವನ್ನೂ ತುಂಬುವುದು, ಕೊನೆಗೆ ಒಂದೇ ಸಲ ಕಟ್ಟುವುದು. ಅವರು ಓದುವರು, ನಾನು ಒತ್ತುವೆ. ಕಣ್ಣಿಗೆ ಕಾಣದ ಕಡೆ ಪುಸ್ತಕವನ್ನು ನನ್ನ ಕಡೆ ತಿರುಗಿಸುವರು. ಹಾಗೆ ಎರಡು ವಾರಕ್ಕೂ ಮೇಲೆ ನಡೆಯಿತು. ಮಧ್ಯಾಹ್ನದ ಹೊತ್ತು ಕೆಂಪಾಜಮ್ಮ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಒಳಗೆ ಬಾ ಎಂದರೆ ಬರುತ್ತಿರಲಿಲ್ಲ. “ಸಿಕ್ತಾ?” ಎಂದು ಕೇಳುವಳು, ಇಲ್ಲವೆಂದರೆ ಸೆರಗು ಕೊಡವಿಕೊಂಡು ಎದ್ದು ಹೋಗುವಳು.

ಎಲ್ಲ ತುಂಬಿದ ಮೇಲೆ ಕಿಚ್ಚಿನ ಕೀಯನ್ನು ಕಟ್ಟಲು ಹೋದೆ. ಎರರ್. ಯಾವುದೋ ಒಲೆ ಇಲ್ಲದ ಒಲೆಯನ್ನು ತೋರಿಸುತ್ತಿದೆ ಎಂದು ಅದರ ತಾತ್ಪರ್ಯ. ಯಾವುದು ಎಂದು ಹೇಳುವಷ್ಟು ಸೌಜನ್ಯ ಅದಕ್ಕಿರಲಿಲ್ಲ. ನಾನೇ ಒಂದು ಪ್ರಶ್ನೆ ಬರೆದು ಹುಡುಕಿಸಿದೆ: ಯಾರ ಕಿಚ್ಚಿನ ನಂಬರು ಒಲೆಗಳ ಪಟ್ಟಿಯಲ್ಲೇ ಇಲ್ಲವೋ ಅವರನ್ನು ತೋರಿಸು. ಇಪ್ಪತ್ತಮೂರು ಸಾಲು ಬಂದವು. ಇಪ್ಪತ್ತೆರಡು ನನ್ನ ಬೆರಳಿನ ತಪ್ಪು, ನೂರ ಮೂವತ್ತಕ್ಕೆ ಸೊನ್ನೆ ಹೆಚ್ಚಾಗಿ ಸಾವಿರದ ಮುನ್ನೂರು ಎಂದು ಒತ್ತಿದಂಥವು. ಎರಡು ದಿನದಲ್ಲಿ ತಿದ್ದಿದೆ. ಒಂದು ಸಾಲು ಉಳಿಯಿತು. ಒಲೆ ನಾನೂರ ಹನ್ನೆರಡು, ಕಿಚ್ಚು ಇನ್ನೂರ ಎಂಬತ್ತೊಂಬತ್ತು. ಇನ್ನೂರ ಎಂಬತ್ತೊಂಬತ್ತು ಎಂಬ ಒಲೆಯೇ ನಮ್ಮಲ್ಲಿರಲಿಲ್ಲ. ಇಂಥ ಸಾಲನ್ನು ನಮ್ಮ ಕಸುಬಿನಲ್ಲಿ ಅನಾಥ ಸಾಲು ಎನ್ನುತ್ತಾರೆ. ನಾನೂರ ಹನ್ನೆರಡು ಯಾರದೆಂದು ನೋಡಿದಮೇಲೆ ಆ ಮಾತನ್ನು ಬಾಯಿಗೆ ತರಲು ಮನಸ್ಸಾಗಲಿಲ್ಲ.

“ಅದು ಒಂಬತ್ತಲ್ಲಮ್ಮ, ಆರು” ಎಂದರು ಬೋರಲಿಂಗಯ್ಯನವರು. “ಹಳೇ ಕನ್ನಡದ ಅಂಕಿ. ಆರಕ್ಕೂ ಒಂಬತ್ತಕ್ಕೂ ಬಾಲದಲ್ಲೇ ವ್ಯತ್ಯಾಸ. ಎಂಬತ್ತಾರು ಅಂತ ಹಾಕು.”

ಪುಸ್ತಕವನ್ನು ಕಿಟಕಿಯ ಹತ್ತಿರ ಒಯ್ದು ನೋಡಿದೆ. ಒಂದು ಸಲ ಆರಿನಂತೆ ಕಂಡಿತು, ಇನ್ನೊಂದು ಸಲ ಒಂಬತ್ತಿನಂತೆ. ಅಷ್ಟರಲ್ಲಿ ಜಯಶೀಲರು ಮೇಲೆ ಬಂದರು. ಸೋಮವಾರ ಪುರಸಭೆಯ ಸಭೆ, ಅಂದೇ ಉದ್ಘಾಟನೆ ಎಂದು ನಿಶ್ಚಯಿಸಿದ್ದರು. ವಿಷಯ ಕೇಳಿ, “ಸಾವಿರದ ನೂರರಲ್ಲಿ ಒಂದು ಸಾಲು ತಾನೆ ಮೇಡಂ? ಆರು ಮಾಡಿದ್ರೆ ಕಂಪ್ಯೂಟರ್ ಒಪ್ಪತ್ತೆ ಅಂತೀರಿ. ಮಾಡಿ. ಇಲ್ಲಾಂದ್ರೆ ಆ ತಪಾಸಣೆಯನ್ನೇ ತೆಗೆದುಹಾಕಿ” ಎಂದರು. ಒಳ್ಳೆಯ ಮನುಷ್ಯ, ಆತುರ ಜಾಸ್ತಿ.

ಆರು ಮಾಡಿದೆ. ಕೀ ಕಟ್ಟಿದೆ. ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ ಎಲ್ಲ ಸರಿಯಾಯಿತು, ಎರರ್ ಇಲ್ಲ. ಬ್ಯಾಗು ತೆಗೆದುಕೊಂಡು ಮೆಟ್ಟಿಲಿಳಿದೆ. ಕೆಂಪಾಜಮ್ಮ ಕೂತಿದ್ದಳು.

“ಸಿಕ್ತಾ ಪ್ರಭಮ್ಮ?”

“ಎಂಬತ್ತಾರು ಅಂತಲೇ ಬಂತು ಕೆಂಪಾಜಕ್ಕ.”

“ಅಲ್ಲಿಂದ ಎರಡು ಸಲ ತಂದ್ವಲ್ಲ. ಹಿಡೀಲಿಲ್ಲ.” ಆಕೆ ನನ್ನನ್ನೇ ನೋಡಿದಳು, ಕೋಪವೇನೂ ಇರಲಿಲ್ಲ. “ಅದನ್ನ ಕಂಪ್ಯೂಟರಿಗೆ ಯಾರೂ ಹೇಳಲಿಲ್ವಾ?”

 ಎಷ್ಟನೇ ದಿನ ಎಂದು ಕೇಳಿದೆ. “ನಲವತ್ತೊಂದು” ಎಂದಳು. ಮತ್ತೆ ಮೆಟ್ಟಿಲು ಹತ್ತಿದೆ. ಕಂಪ್ಯೂಟರು ಹಾಕಿ, ಕೀ ಬಿಚ್ಚಿ, ಆರು ಅಳಿಸಿ ಒಂಬತ್ತು ಮಾಡಿದೆ. ಕೀ ಕಟ್ಟಿದೆ. ಎರರ್ ಬಂತು. ಅದನ್ನು ಕಂಡು ನನಗೊಂದು ಬಗೆಯ ಸಮಾಧಾನವಾಯಿತು. ಒಲೆ ಹೇಳುತ್ತಿರುವುದನ್ನೇ ಕಂಪ್ಯೂಟರೂ ಹೇಳುತ್ತಿತ್ತು: ಕೊಟ್ಟವರು ಪಟ್ಟಿಯಲ್ಲಿಲ್ಲ. ಹಾಗೆಂದಮೇಲೆ ಬಿಟ್ಟುಹೋದದ್ದು ಪಟ್ಟಿಯಿಂದಲೇ.

ಮರುದಿನ ಬೆಳಿಗ್ಗೆ ಬೋರಲಿಂಗಯ್ಯನವರನ್ನು ಕೇಳಿದೆ. “ಸಾರ್, ಇನ್ನೂರ ಎಂಬತ್ತೆಂಟು ಇದೆ, ತೊಂಬತ್ತಿದೆ. ಎಂಬತ್ತೊಂಬತ್ತು ಯಾಕಿಲ್ಲ?”

ಅವರು ಪುಟ ತಿರುವಿದರು. “ಇದು ನಕಲು ಪ್ರತಿಯಮ್ಮ. ಹಳೇವಕ್ಕೆ ಗೆದ್ದಲು ಹಿಡಿದಿತ್ತು, ನಾನೇ ಕೂತು ಇಳಿಸಿಕೊಂಡೆ. ಮುಚ್ಚಿಹೋದ ಒಲೆಗಳನ್ನ ಇಳಿಸಲಿಲ್ಲ. ಹೊಡೆದುಹಾಕಿದ್ದನ್ನ ಮತ್ತೆ ಯಾಕೆ ಬರೀಬೇಕು ಅಂತ.” ಹೇಳುತ್ತ ಹೇಳುತ್ತ ಅವರ ದನಿ ಸಣ್ಣದಾಯಿತು. “ಮೂಲ ಪುಸ್ತಕ ಬೀರುವಲ್ಲಿ ಅದೆ.”

ಕಬ್ಬಿಣದ ಬೀರುವಿನಿಂದ ಮೂಲ ಪುಸ್ತಕಗಳನ್ನು ತೆಗೆದೆವು. ಅಂಚುಗಳು ಜಾಲರಿಯಾಗಿದ್ದವು. ಇನ್ನೂರ ಎಂಬತ್ತೊಂಬತ್ತು ಸಿಕ್ಕಿತು. ಅದರ ಮೇಲೆ ಹಸಿರು ಮಸಿಯಲ್ಲಿ ಮೂರು ಗೆರೆ. ಗೆರೆಯ ಕೆಳಗೆ ಓದಲು ಬರುತ್ತಿತ್ತು: ಚನ್ನಾಜಮ್ಮ, ಕುಲುಮೆ ಬೀದಿ.

“ಹಸಿರು ಮಸಿ ನಂದೇ” ಎಂದರು ಅವರು. ಕನ್ನಡಕ ತೆಗೆದು ಒರೆಸಿಕೊಂಡರು. ಕೆಲಸಕ್ಕೆ ಸೇರಿದಾಗ ಅವರ ಹಿಂದಿನವರು ಕಲಿಸಿದ ಮೊದಲ ಪಾಠವೇ ಇದಂತೆ. ಒಲೆಯೊಂದನ್ನು ಹೊಡೆದುಹಾಕುವ ಮುಂಚೆ, ಅದನ್ನು ನೆಚ್ಚಿಕೊಂಡ ಒಲೆ ಯಾವುದಾದರೂ ಇದೆಯೇ ಎಂದು ಎಲ್ಲ ಸಂಪುಟವನ್ನೂ ನೋಡಬೇಕು. ಇದ್ದರೆ ಹೊಡೆಯಬಾರದು. “ನೋಡಿದೆ ಅನ್ಕೊಂಡಿದ್ದೆ. ಈ ಸಂಪುಟ ನೋಡಿರ್ತೀನಿ, ಮುಂದಿನದನ್ನ ನೋಡಿಲ್ಲ. ನಾನೂರ ಹನ್ನೆರಡು ಮುಂದಿನದರಲ್ಲಿದೆ.” ಹಸಿರು ಗೆರೆಯ ಮೇಲೆ ಬೆರಳಾಡಿಸಿದರು. “ಮೂವತ್ತೊಂದು ವರ್ಷದ ಹಿಂದೆ ಮುಚ್ಚಿದ ಒಲೆ. ಇನ್ನೆಲ್ಲಿಯ ಕಿಚ್ಚಮ್ಮ. ಆ ಹೆಂಗಸಿಗೆ ಏನು ಹೇಳಲಿ ನಾನು?”

ನಾನು ಪುಟವನ್ನೇ ನೋಡುತ್ತಿದ್ದೆ. ಗೆದ್ದಲು ತಿಂದು ಉಳಿದ ಅಂಚಿನಲ್ಲಿ, ಅದೇ ಹಸಿರು ಮಸಿಯಲ್ಲಿ, ಇರುವೆಯಷ್ಟು ಸಣ್ಣಗೆ ಏನೋ ಇತ್ತು. “ಸಾರ್, ‘ಕು ೬’ ಅಂದ್ರೇನು?”

ಅವರು ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ತಮ್ಮ ಮೇಜಿನ ಕೆಳಗಿನ ಡ್ರಾಯರು ಎಳೆದು, ತೆಳ್ಳನೆಯದೊಂದು ಪುಸ್ತಕ ತೆಗೆದರು. ಮೇಲೆ ‘ಕುಲುಮೆಗಳು’ ಎಂದಿತ್ತು. ಒಂದರಿಂದ ಏಳರವರೆಗೆ ನಂಬರು, ಅಷ್ಟೆ.

“ಇದನ್ನ ನನಗೆ ಕೊಡಲೇ ಇಲ್ವಲ್ಲ ಸಾರ್.”

“ನೀನು ಒಲೆ ಪುಸ್ತಕ ಕೇಳಿದೆ. ಇದು ಒಲೆ ಅಲ್ವಲ್ಲಮ್ಮ, ಕುಲುಮೆ.”

ಆರನೇ ನಂಬರಿನ ಮುಂದೆ ಅವರ ಅಕ್ಷರದಲ್ಲೇ ಇತ್ತು: ಕಾಳಾಚಾರ್, ಕುಲುಮೆ ಬೀದಿ. ಕಿಚ್ಚು: ಅಡುಗೆಮನೆ ಒಲೆ ಇನ್ನೂರ ಎಂಬತ್ತೊಂಬತ್ತರದು, ಇಲ್ಲಿಗೆ ಸ್ಥಳಾಂತರ.

ಕಿಚ್ಚು ಸತ್ತಿರಲಿಲ್ಲ. ಹಂಚಿಕೊಂಡದ್ದಲ್ಲ, ಆ ಒಲೆಯ ಕಿಚ್ಚೇ ಪೂರ್ತಿಯಾಗಿ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗಿತ್ತು. ನಾನು ಟೇಬಲ್ಲನ್ನು ತಪ್ಪು ಟೇಬಲ್ಲಿನ ಕಡೆ ಕೈ ತೋರಿಸುವಂತೆ ಮಾಡಿ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಬೋರಲಿಂಗಯ್ಯನವರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ದಾರಿಯಲ್ಲಿ ಕೆಂಪಾಜಮ್ಮನನ್ನೂ ಚಿಕ್ಕಣ್ಣನನ್ನೂ ಕರೆದುಕೊಂಡೆವು. ಹನ್ನೊಂದು ಗಂಟೆಯ ಬಿಸಿಲು. ಕುಲುಮೆ ಬೀದಿಯಲ್ಲಿ ಈಗ ಉಳಿದಿರುವುದು ಮೂರೇ ಕುಲುಮೆ, ಕೊನೆಯದು ಕಾಳಾಚಾರರದು. ಎಪ್ಪತ್ತು ದಾಟಿದ ಮನುಷ್ಯ, ಒಂದು ಕೈಯಲ್ಲಿ ತಿದಿ ಒತ್ತುತ್ತ ಇನ್ನೊಂದು ಕೈಯಲ್ಲಿ ಇಕ್ಕಳದಿಂದ ಕುಡುಗೋಲು ಹಿಡಿದು ಕಾಯಿಸುತ್ತಿದ್ದರು. ಬೋರಲಿಂಗಯ್ಯನವರು ನಿಧಾನವಾಗಿ, ಒಂದನ್ನೂ ಬಿಡದೆ, ತಮ್ಮ ಹಸಿರು ಗೆರೆಯನ್ನೂ ಸೇರಿಸಿ ಎಲ್ಲ ಹೇಳಿದರು. ಕಾಳಾಚಾರ್ ತಿದಿ ಬಿಟ್ಟರು.

“ನಮ್ಮನೆಯವಳು ಚನ್ನಾಜಿ ಒಲೆ ಕಿಚ್ಚಾ? ಹೋಟ್ಲಿಗಾ?”

“ನಮ್ಮತ್ತೆ ತಂದಿದ್ದಿರಬೇಕು. ನನಗೆ ಹೇಳಿರಲಿಲ್ಲ” ಎಂದಳು ಕೆಂಪಾಜಮ್ಮ.

“ನನಗೂ ಗೊತ್ತಿಲ್ಲ. ಹೆಂಗಸರು ಕೆಂಡ ಕೊಟ್ಟು ತಗೊಂಡಿದ್ದು ಕುಲುಮೇಲಿ ಕೂತೋನಿಗೆ ಹೆಂಗೆ ಗೊತ್ತಾಗತ್ತೆ.” ಅವರು ಕುಡುಗೋಲನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟರು. “ಅವಳು ಹೋದಮೇಲೆ ಆ ಅಡುಗೆಮನೆಗೆ ಕಾಲಿಡಕ್ಕೆ ಮನಸಾಗಲಿಲ್ಲ. ಕಿಚ್ಚನ್ನ ಆರಿಸಕ್ಕೂ ಮನಸಾಗಲಿಲ್ಲ. ಒಂದು ಕೆಂಡವೂ ಬಿಡದೆ ಬಾಣಲೇಲಿ ತುಂಬ್ಕೊಂಡು ಬಂದು, ಇಲ್ಲಿ ಹೊಸ ಕುಲುಮೆ ಕಟ್ಟಿ ಹಾಕ್ಕೊಂಡೆ. ಆವತ್ತಿಂದ ಊಟ ತಿಂಡಿ ಎಲ್ಲ ನಿಮ್ಮ ಹೋಟ್ಲಲ್ಲೇ ಅಲ್ವಾ ಕೆಂಪಾಜಮ್ಮ.”

“ಹೌದು. ಮೂಲೆ ಬೆಂಚು ನಿಮ್ಮದೇ. ದಿನಾ ಸಾಂಬಾರು ನೀರು ಅಂತಿದ್ರಿ.”

ಅವರು ನಗಲಿಲ್ಲ. ಕೈಯಲ್ಲಿದ್ದ ಇಕ್ಕಳವನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿದರು. “ಮೂವತ್ತೊಂದು ವರ್ಷ ನಾನು ಚನ್ನಾಜಿ ಒಲೇಲೇ ಉಂಡಿದೀನಿ ಅನ್ನಿ ಹಂಗಾದ್ರೆ” ಎಂದರು. ಯಾರಿಗೂ ಹೇಳಿದ ಮಾತಾಗಿರಲಿಲ್ಲ ಅದು. ನಾವೆಲ್ಲ ಬೇರೆ ಬೇರೆ ಕಡೆ ನೋಡುತ್ತ ನಿಂತೆವು.

ಬೋರಲಿಂಗಯ್ಯನವರು ಕೆಂಪಾಜಮ್ಮನ ಕಡೆ ತಿರುಗಿದರು. “ತಪ್ಪು ನನ್ನದು ಕಣವ್ವ. ಹೊಡೆದುಹಾಕಬಾರದಿತ್ತು.”

“ನಿಮ್ಮೊಬ್ಬರದೇ ಯಾಕೆ ಅಂತೀರಿ ಸ್ವಾಮಿ. ಸಾಂಬಾರು ಸುರಿದ ದೊಡ್ಡ ಮನುಷ್ಯರೂ ಇಲ್ಲೇ ನಿಂತಿದಾರೆ” ಎಂದಳು ಕೆಂಪಾಜಮ್ಮ. ಚಿಕ್ಕಣ್ಣ ತಲೆ ತಗ್ಗಿಸಿದ. ಆಗ ಕಾಳಾಚಾರರಿಗೆ ನಗು ಬಂತು. ನಕ್ಕು, ಎದ್ದು, ಮೂಲೆಯಿಂದ ಒಂದು ಕಬ್ಬಿಣದ ಬಾಣಲೆ ತೆಗೆದು, ಇಕ್ಕಳದಿಂದ ಒಂದೊಂದೇ ಕೆಂಡವನ್ನು ಆರಿಸಿ ಆರಿಸಿ ಅದಕ್ಕೆ ಹಾಕಿದರು, ಮನೆಗೆ ಬಂದ ಹೆಣ್ಣುಮಗಳ ಮಡಿಲಿಗೆ ಹಣ್ಣು ಹಾಕುವ ಹಾಗೆ. ಬಾಣಲೆಯನ್ನು ಯಾರಿಗೂ ಕೊಡಲಿಲ್ಲ. ತಾವೇ ಹೊತ್ತರು.

ಬಸ್ ಸ್ಟ್ಯಾಂಡಿನವರೆಗೆ ನಡೆದೆವು. ಹನ್ನೊಂದು ಮನೆಯವರಿಗೆ ಹೇಗೆ ಸುದ್ದಿ ಮುಟ್ಟಿತೋ, ಹೋಟೆಲಿನ ಮುಂದೆ ಆಗಲೇ ನಿಂತಿದ್ದರು. ಕೆಂಪಾಜಮ್ಮ ಒಲೆಗೆ ತೆಂಗಿನ ಗರಿ, ಸೌದೆ ಜೋಡಿಸಿದಳು. ಕಾಳಾಚಾರ್ ಕೂತು ಕೆಂಡ ಸುರಿದರು. ಹೊತ್ತಿಕೊಂಡಿತು. ಹದಿನಾರು ಸಲ ಹೀಗೆ ಹೊತ್ತಿಕೊಂಡದ್ದನ್ನು ಕಂಡವರೇ ಎಲ್ಲ. ಇಡ್ಲಿ ಪಾತ್ರೆಗೆ ನೀರು ಹಾಕಿ ಇಟ್ಟಳು. ನಾವು ಪಾತ್ರೆಯನ್ನೇ ನೋಡುತ್ತಿದ್ದೆವು. ನೀರಿನಿಂದ ಆವಿ ಎದ್ದಿತು. ಬೆಂಕಿ ಹಾಗೆಯೇ ಇತ್ತು. ಅಂಚಿನಲ್ಲಿ ಸಣ್ಣ ಗುಳ್ಳೆ ಬಂದವು, ಆಮೇಲೆ ದೊಡ್ಡ ಗುಳ್ಳೆ, ಆಮೇಲೆ ಮುಚ್ಚಳ ಕುಣಿಯತೊಡಗಿತು. ಕೆಂಪಾಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ಹಿಟ್ಟು ತಂಗಿ ಮನೇಲದೆ, ಯಾರಾದ್ರೂ ತನ್ನಿ” ಎಂದಳು. ಚಿಕ್ಕಣ್ಣ ಓಡಿದ. ಆವತ್ತು ಆಕೆ ಹಿಟ್ಟು ಮುಗಿಯುವವರೆಗೆ ಬೇಯಿಸಿದಳು, ನಾವು ತಿಂದೆವು. ಚಟ್ನಿಗೆ ತೆಂಗಿನಕಾಯಿ ಸಾಲದೆ ಹೋಯಿತು. ಕಾಳಾಚಾರ್ ಮೂಲೆ ಬೆಂಚಿನಲ್ಲಿ ಕೂತು ಎರಡು ತಟ್ಟೆ ತಿಂದರು. ಸಾಂಬಾರಿನ ಬಗ್ಗೆ ಏನೂ ಹೇಳಲಿಲ್ಲ.

ಕಚೇರಿಗೆ ವಾಪಸು ಬಂದು ನಾನು ಟೇಬಲ್ಲನ್ನು ಮೊದಲಿನಿಂದ ಮಾಡಿದೆ. ಒಲೆ ಎಂಬ ಹೆಸರು ತೆಗೆದು ಕಿಚ್ಚು ಎಂದಿಟ್ಟೆ. ಒಲೆ, ಕುಲುಮೆ, ಕುಂಬಾರರು ಮಡಕೆ ಸುಡುವ ಆವಿಗೆ ಎಲ್ಲ ಒಂದೇ ಟೇಬಲ್ಲಿನಲ್ಲಿ, ಯಾವ ಬಗೆಯದು ಎಂಬುದಕ್ಕೆ ಪಕ್ಕದಲ್ಲೊಂದು ಕಾಲಂ. ಕಾಳಾಚಾರರ ಕುಲುಮೆಗೆ ಅದರ ಹಳೆಯ ನಂಬರನ್ನೇ ಕೊಟ್ಟೆ, ಇನ್ನೂರ ಎಂಬತ್ತೊಂಬತ್ತು. ನಕಲು ಪ್ರತಿಯಲ್ಲಿ ಬಿಟ್ಟುಹೋದ ಬೇರೆ ನಂಬರುಗಳನ್ನೂ ಮೂಲದಿಂದ ಒಂದೊಂದಾಗಿ ನೋಡಿದೆವು. ಅವನ್ನು ನೆಚ್ಚಿಕೊಂಡವರು ಯಾರೂ ಇರಲಿಲ್ಲ. ಒಂದನೇ ನಂಬರಿನ ಮುಂದೆ ಹಿರಿಯರು ಖಾಲಿ ಬಿಟ್ಟಿದ್ದ ಜಾಗವನ್ನು ನಾನೂ ಖಾಲಿ ಬಿಟ್ಟೆ, ಅದಕ್ಕೆ ಕಂಪ್ಯೂಟರು ತಕರಾರು ಮಾಡುವುದಿಲ್ಲ. ಶನಿವಾರ ಮಧ್ಯಾಹ್ನ ಕೀ ಕಟ್ಟಿದೆ. ಎರರ್ ಬರಲಿಲ್ಲ. ಈ ಸಲ ಅದು ಸುಮ್ಮನಿದ್ದದ್ದಕ್ಕೆ ನನಗೆ ಅನುಮಾನವಾಗಲಿಲ್ಲ.

ಬೋರಲಿಂಗಯ್ಯನವರು ಮಾತ್ರ ಅಷ್ಟಕ್ಕೇ ಏಳಲಿಲ್ಲ. “ಇನ್ಮೇಲೆ ಯಾರಾದ್ರೂ ನನ್ನ ಹಂಗೆ ನೋಡದೆ ಹೊಡೆದುಹಾಕಿದ್ರೆ?” ಎಂದು ಕೇಳಿದರು.

“ಹಾಕಕ್ಕಾಗಲ್ಲ ಸಾರ್. ಅದು ಬಿಡಲ್ಲ.”

“ಮಾಡಿ ತೋರಿಸು.”

ಇನ್ನೂರ ಎಂಬತ್ತೊಂಬತ್ತನ್ನು ಅಳಿಸು ಎಂದು ಬರೆದು ಒತ್ತಿದೆ. ಪರದೆಯ ಮೇಲೆ ಎರರ್ ಬಂತು.

“ಏನಂತದೆ? ಕನ್ನಡದಲ್ಲಿ ಹೇಳು.”

“ಇವರನ್ನ ಅಳಿಸಕ್ಕಾಗಲ್ಲ, ಇವರನ್ನ ನೆಚ್ಚಿಕೊಂಡೋರು ಇದಾರೆ, ಅಂತಿದೆ.”

ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಕೆಳಗೆ ರಸ್ತೆಯಲ್ಲಿ ಮಧ್ಯಾಹ್ನದ ಬಸ್ಸು ಹಾರನ್ ಹೊಡೆಯುತ್ತ ಹೊರಟಿತು. ಸ್ವಲ್ಪ ಹೊತ್ತಾದಮೇಲೆ, “ಇನ್ನೊಂದು ಸಲ ಒತ್ತಮ್ಮ” ಎಂದರು. ಒತ್ತಿದೆ. ಅದು ಮತ್ತೆ ಅದನ್ನೇ ಹೇಳಿತು. ಮೂರನೆಯ ಸಲಕ್ಕೆ ಅವರೇ ಕೈ ಚಾಚಿದರು. ಎಲ್ಲಿ ಒತ್ತಬೇಕೆಂದು ತೋರಿಸಿದೆ. ತೋರುಬೆರಳಿನಿಂದ, ಒಲೆ ಊದುವವರ ಹಾಗೆ ಬಗ್ಗಿ, ಮೆಲ್ಲಗೆ ಒತ್ತಿದರು. ಪೊರೆ ಬಂದ ಕಣ್ಣಿಗೆ ಪರದೆಯ ಅಕ್ಷರ ಕಾಣುತ್ತಿರಲಿಲ್ಲ, ಆದರೂ ಅದು ಒಲ್ಲೆ ಎಂದದ್ದು ಅವರಿಗೆ ಗೊತ್ತಾಯಿತು.